ಒಂದು ಗಂಟೆಗೆ ನಿಲ್ಲು, ಎರಡಕ್ಕೆ ಇಳಿಸು

ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ಕವಲು ರೈಲುಮಾರ್ಗ 1894ರಲ್ಲಿ ಸಂಚಾರಕ್ಕೆ ತೆರೆಯಿತು. ಬಂಗಾರಪೇಟೆಯನ್ನು ಬಿಟ್ಟ ಗಾಡಿ ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ಒಂದೊಂದಾಗಿ ದಾಟುತ್ತಿರುವಾಗ ಕಿಟಕಿಯ ಬಳಿ ಕುಳಿತವರಿಗೆ ಚಿನ್ನ ತೆಗೆದ ಮೇಲೆ ಉಳಿದ ಕಲ್ಲುಹಿಟ್ಟಿನ ಬೋಳುದಿಬ್ಬಗಳೂ, ಬಾವಿಗಳ ಮೇಲೆ ನಿಂತ ಕಬ್ಬಿಣದ ಗೋಪುರಗಳೂ ಕಾಣಸಿಗುತ್ತವೆ. ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರನ್ನೂ ಮೀರಿತ್ತು. 2001ನೆಯ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಈಗ ಬೆಳಗಿನ ಗಾಡಿಗಳಲ್ಲಿ ಕಿಕ್ಕಿರಿದು ನಿಲ್ಲುವವರು ಬೆಂಗಳೂರಿನಲ್ಲಿ ದುಡಿಯಲು ಹೊರಟವರು. ಅವರಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ದಿನ ಕಳೆಯುವವರಿಗೂ ಕಡಮೆಯಿಲ್ಲ. ತಾತ ಭೂಮಿಯೊಳಗೆ ಇಳಿದವನು, ಮೊಮ್ಮಗಳು ಜಾಲದೊಳಗೆ ಇಳಿಯುವವಳು. ಇವರಿಬ್ಬರ ಕಸುಬಿಗೂ ಏನು ನಂಟು ಎಂದು ಕೇಳಿದರೆ ಥಟ್ಟನೆ ಉತ್ತರ ಹೊಳೆಯಲಾರದು. ಆದರೆ ನಂಟೊಂದು ಉಂಟು. ಅದು ಗಂಟೆಯದು.

ಗಣಿ ನಡೆಯುತ್ತಿದ್ದ ಕಾಲದಲ್ಲಿ ಬಾವಿಯ ಗೋಪುರದ ಹತ್ತಿರವೇ ಎಂಜಿನ್ ಮನೆಯಿರುತ್ತಿತ್ತು. ಅಲ್ಲಿ ಕುಳಿತ ಚಾಲಕನಿಗೆ ಬಾವಿಯೊಳಗೆ ತೂಗುವ ಕೇಜು ಕಾಣದು. ಅದರೊಳಗೆ ನಿಂತವರ ಮಾತು ಕೇಳದು. ಅವನಿಗೆ ಬರುತ್ತಿದ್ದುದು ಗಂಟೆಯ ಸದ್ದು ಮಾತ್ರ. ನಮ್ಮ ದೇಶದ 1961ರ ಲೋಹಗಣಿ ನಿಯಮಾವಳಿ ಈ ಸದ್ದುಗಳಿಗೆ ಗೊತ್ತಾದ ಅರ್ಥವನ್ನು ವಿಧಿಸಿದೆ. ಕೇಜು ಚಲಿಸುತ್ತಿರುವಾಗ ಒಂದು ಬಡಿತ ಬಂದರೆ ನಿಲ್ಲಿಸು. ನಿಂತಿರುವಾಗ ಅದೇ ಒಂದು ಬಡಿತ ಬಂದರೆ ಮೇಲಕ್ಕೆತ್ತು. ಎರಡು ಬಂದರೆ ಇಳಿಸು. ಮೂರು ಬಂದರೆ, ಹತ್ತಲಿರುವುದು ಅದಿರಲ್ಲ, ಮನುಷ್ಯರು. ಮರಳಿ ಮೂರು ಬಡಿತದ ಉತ್ತರ ಬಂದ ಮೇಲೆಯೇ ಅವರು ಕೇಜಿನೊಳಗೆ ಕಾಲಿಡಬೇಕು. ಈ ಸಂಕೇತಗಳ ಪಟ್ಟಿಯನ್ನು ಬಾವಿಯ ಬಾಯಲ್ಲಿಯೂ ಒಳಗಿನ ತಂಗುದಾಣಗಳಲ್ಲಿಯೂ ಎಲ್ಲರಿಗೂ ಕಾಣುವಂತೆ ತೂಗುಹಾಕತಕ್ಕದ್ದು. ಓದು ಬಾರದವನೂ ಒಂದೇ ದಿನದಲ್ಲಿ ಇದನ್ನು ಕಲಿಯಬಲ್ಲ. ಕಲಿತವನು ಮತ್ತೊಬ್ಬನ ಭಾಷೆ ತಮಿಳೋ ತೆಲುಗೋ ಕನ್ನಡವೋ ಎಂದು ಕೇಳಬೇಕಾದುದೇ ಇಲ್ಲ. ಸಾವಿರಾರು ಜನರ ಪ್ರಾಣ ಈ ನಾಲ್ಕಾರು ಬಡಿತಗಳ ಮೇಲೆ ದಶಕಗಟ್ಟಲೆ ತೂಗಿತ್ತೆಂಬುದನ್ನು ನೆನೆದರೆ, ಸರಳವಾದ ವ್ಯವಸ್ಥೆಯನ್ನು ಹಗುರವಾಗಿ ಕಾಣುವ ಬುದ್ಧಿ ಯಾರಿಗೂ ಬರಲಾರದು.

ಕಂಪ್ಯೂಟರು ಜಗತ್ತಿನಲ್ಲಿ ಸರ್ವರು ಎಂಬ ಮಾತು ಈಗ ಮನೆಮಾತು. ಬ್ಯಾಂಕಿನಲ್ಲಿ ಹಣ ಬರಲಿಲ್ಲವೇ? ಸರ್ವರು ಕೆಟ್ಟಿದೆ. ಪಡಿತರದ ಅಂಗಡಿಯಲ್ಲಿ ಅಕ್ಕಿ ಸಿಗಲಿಲ್ಲವೇ? ಸರ್ವರು ಕೆಟ್ಟಿದೆ. ಇಷ್ಟು ಬಾರಿ ಕೇಳಿಸಿಕೊಂಡ ಈ ಸರ್ವರು ಯಾವುದೋ ಹವಾನಿಯಂತ್ರಿತ ಕೋಣೆಯಲ್ಲಿ ಹೂಂಕರಿಸುವ ದೈತ್ಯಯಂತ್ರವಿರಬೇಕೆಂದು ಜನ ಭಾವಿಸುವುದು ಸಹಜ. ವಾಸ್ತವದಲ್ಲಿ ಅದು ಮೊದಲಿಗೆ ಒಂದು ಕೆಲಸ, ಆಮೇಲೆ ಯಂತ್ರ. ಎಂಜಿನ್ ಮನೆಯ ಚಾಲಕನಂತೆ ಕಿವಿಗೊಟ್ಟು ಕುಳಿತಿರುವುದು, ಗಂಟೆ ಬಂದಾಗ ಅದರ ಅರ್ಥ ತಿಳಿಯುವುದು, ಹೇಳಿದ್ದನ್ನು ಮಾಡುವುದು, ಮತ್ತೆ ಕಿವಿಗೊಡುವುದು. ಹೀಗೆ ಮಾಡುವ ಯಾವ ಪ್ರೋಗ್ರಾಮಾದರೂ ಸರ್ವರೇ. ಹಳೆಯ ಕಂಪ್ಯೂಟರಿನಲ್ಲಿ ಹದಿನೈದು ಸಾಲಿನಲ್ಲಿ ಬರೆದುದಾದರೂ ಸರಿಯೆ. ಗಂಟೆಯ ಸಂಕೇತಗಳ ಪಟ್ಟಿಯಿದೆಯಲ್ಲ, ಅದಕ್ಕೆ ಅಲ್ಲಿ ಪ್ರೋಟೋಕಾಲು ಎಂದು ಹೆಸರು.

ಆ ಪಟ್ಟಿಗಳೂ ಗುಟ್ಟಿನವಲ್ಲ. ಅಮೆರಿಕದ ವಿಶ್ವವಿದ್ಯಾನಿಲಯಗಳನ್ನು ತಂತಿಯಿಂದ ಜೋಡಿಸುವ ಕಾರ್ಯ ನಡೆದಿದ್ದಾಗ, 1969ನೆಯ ಏಪ್ರಿಲ್ 7ರಂದು ಸ್ಟೀವ್ ಕ್ರಾಕರ್ ಎಂಬ ವಿದ್ಯಾರ್ಥಿ ಒಂದು ಟಿಪ್ಪಣಿ ಬರೆದು, ತಾನು ಅಪ್ಪಣೆ ಮಾಡುತ್ತಿಲ್ಲವೆಂದು ತೋರಿಸಲು ಅದಕ್ಕೆ ‘ಅಭಿಪ್ರಾಯಕ್ಕಾಗಿ ಮನವಿ’ ಎಂದು ಹೆಸರಿಟ್ಟ. ಆರ್‌.ಎಫ್‌.ಸಿ. ಎಂಬ ಆ ಟಿಪ್ಪಣಿಗಳ ಸರಣಿ ಇಂದಿಗೂ ನಡೆದಿದೆ. ಯಾರು ಬೇಕಾದರೂ ಕಾಸಿಲ್ಲದೆ ಓದಬಹುದು. ಅವುಗಳನ್ನು ಬಹುಕಾಲ ತಿದ್ದಿ ಕಾಪಾಡಿದವರು ಜಾನ್ ಪೋಸ್ಟೆಲ್. 1983ನೆಯ ಮೇ ತಿಂಗಳಲ್ಲಿ ಅವರು ಒಟ್ಟಿಗೇ ಕೆಲವು ಪುಟ್ಟ ಟಿಪ್ಪಣಿಗಳನ್ನು ಪ್ರಕಟಿಸಿದರು. ಒಂದೊಂದೂ ಒಂದೆರಡು ಪುಟ; ಒಂದು ತಾಲ್ಲೂಕು ಕಚೇರಿಯ ಸುತ್ತೋಲೆಗಿಂತಲೂ ಚಿಕ್ಕದು. 862ನೆಯದು ಪ್ರತಿಧ್ವನಿ: ಬಂದುದನ್ನು ಹಾಗೆಯೇ ಹಿಂದಿರುಗಿಸುವುದು. 863ನೆಯದು ಇನ್ನೂ ಸೊಗಸು: ಬಂದುದನ್ನೆಲ್ಲ ಎಸೆದುಬಿಡುವುದು, ಉತ್ತರವೇ ಕೊಡದಿರುವುದು. 865ನೆಯದು ದಿನಕ್ಕೊಂದು ನುಡಿ ಹೇಳುವುದು. 867ನೆಯದು ಇಂದಿನ ದಿನಾಂಕವನ್ನೂ ಹೊತ್ತನ್ನೂ ತಿಳಿಸುವುದು. ಕಡೆಯ ಎರಡಕ್ಕೆ ಪ್ರಶ್ನೆ ಕೂಡ ಬೇಕಿಲ್ಲ. ಬಾಗಿಲು ತಟ್ಟಿದರೆ ಸಾಕು, ಉತ್ತರ ಹೇಳಿ ಬಾಗಿಲು ಮುಚ್ಚುತ್ತವೆ. ಪ್ರತಿಯೊಂದು ಸೇವೆಗೂ ಪೋರ್ಟು ಎಂಬ ಬಾಗಿಲ ಸಂಖ್ಯೆಯುಂಟು: ಪ್ರತಿಧ್ವನಿಗೆ 7, ಹೊತ್ತು ಹೇಳುವವನಿಗೆ 13, ನುಡಿ ಹೇಳುವವನಿಗೆ 17.

ಇವಕ್ಕಿಂತ ಹಿರಿಯದು, ಮನುಷ್ಯವಾಸನೆಯುಳ್ಳದ್ದು, 79ನೆಯ ಬಾಗಿಲಿನ ಫಿಂಗರ್. ಸ್ಟ್ಯಾನ್‌ಫರ್ಡಿನ ಪ್ರಯೋಗಾಲಯವೊಂದರಲ್ಲಿ ಲೆಸ್ ಅರ್ನೆಸ್ಟ್ ಎಂಬವರು 1970ರ ದಶಕದ ಆದಿಯಲ್ಲಿ ಇದನ್ನು ಬರೆದರು. ಯಾರು ಯಾರು ಕೆಲಸದಲ್ಲಿದ್ದಾರೆಂದು ತಿಳಿಯಲು ಜನ ಹೆಸರುಗಳ ಉದ್ದನೆಯ ಪಟ್ಟಿಯ ಮೇಲೆ ಬೆರಳಿಟ್ಟು ಜಾರಿಸುತ್ತ ಹುಡುಕುವುದನ್ನು ಕಂಡು ‘ಬೆರಳು’ ಎಂದೇ ಹೆಸರಿಟ್ಟರು. ಹೆಸರೊಂದನ್ನು ಬರೆದು ಕಳುಹಿಸಿದರೆ, ಆ ವ್ಯಕ್ತಿ ಇದ್ದಾನೋ ಇಲ್ಲವೋ, ಇಂದು ಏನು ಮಾಡಲಿದ್ದಾನೆ ಎಂಬುದು ಬರುತ್ತದೆ. ಖಾಲಿ ಸಾಲು ಕಳುಹಿಸಿದರೆ ಎಲ್ಲರ ಪಟ್ಟಿ ಬರುತ್ತದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದವರು ತಂಪು ಪಾನೀಯದ ಯಂತ್ರವನ್ನೇ ಜಾಲಕ್ಕೆ ಜೋಡಿಸಿ, ಅದರಲ್ಲಿ ಶೀಶೆ ಉಳಿದಿದೆಯೋ ಇಲ್ಲವೋ ಎಂದು ಕೋಣೆಯಿಂದಲೇ ವಿಚಾರಿಸುತ್ತಿದ್ದರು. 1991ರ ಫಿಂಗರ್ ನಿಯಮಾವಳಿಯಲ್ಲಿ ಇಂಥ ಮಾರಾಟಯಂತ್ರಗಳು ಹೇಗೆ ಉತ್ತರಿಸತಕ್ಕದ್ದೆಂಬ ಪ್ರಕರಣವೊಂದು ಗಂಭೀರವಾಗಿಯೇ ಸೇರಿಕೊಂಡಿದೆ. ಎಂಜಿನಿಯರುಗಳಿಗೂ ನಗು ಬರುತ್ತದೆಂಬುದಕ್ಕೆ ಸರಕಾರಿ ದಾಖಲೆಯಂಥ ಇಷ್ಟು ಒಳ್ಳೆಯ ಸಾಕ್ಷ್ಯ ಮತ್ತೊಂದಿಲ್ಲ.

ಈಗ ಕೋರಮಂಡಲಿನ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಎಂಜಿನಿಯರಿಂಗ್ ಓದುತ್ತಿರುವ ಹುಡುಗಿ. ನಿವೃತ್ತನಾದ ಎಂಜಿನ್ ಚಾಲಕ ಅವಳ ತಾತ. ಮನೆಗೆ ನೀರು ಯಾವ ದಿನ ಬರುವುದು, ಗ್ಯಾಸಿನ ಸಿಲಿಂಡರಿಗೆ ಯಾವಾಗ ಬರೆಸಿತು, ಯಾವ ಗಾಡಿಗೆ ಅಪ್ಪ ಬರುತ್ತಾರೆ — ಇಂಥ ನಾಲ್ಕು ಮಾತನ್ನು ಮನೆಯವರಾರಾದರೂ ಕೇಳಿದಾಗ ಹೇಳುವ ಪುಟ್ಟ ಸರ್ವರೊಂದನ್ನು, ಮೂಲೆಗೆ ಬಿದ್ದಿದ್ದ ಹಳೆಯ ಲ್ಯಾಪ್‌ಟಾಪಿನಲ್ಲಿ, ಯಾರ ಸಿದ್ಧವಸ್ತುವನ್ನೂ ತಾರದೆ ತಾನೇ ಬರೆಯಬೇಕೆಂದು ಅವಳು ಹಟ ಹಿಡಿದಿದ್ದಾಳೆಂದು ಇಟ್ಟುಕೊಳ್ಳೋಣ. ಅವಳು ಮಾಡಬೇಕಾದುದೇನು?

ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ 1983ರಲ್ಲಿ ಹೊರಬಂದ ಯುನಿಕ್ಸ್ ಇದಕ್ಕೆ ನಾಲ್ಕು ಕರೆಗಳನ್ನು ಕೊಟ್ಟಿತು. ಇಂದಿಗೂ ಅವೇ ನಡೆಯುತ್ತಿವೆ. ಮೊದಲನೆಯದು ಸಾಕೆಟ್ ಪಡೆಯುವುದು, ಎಂದರೆ ಟೆಲಿಫೋನು ಕೊಳ್ಳುವುದು. ಎರಡನೆಯದು ಅದಕ್ಕೆ ಬಾಗಿಲ ಸಂಖ್ಯೆ ಕಟ್ಟುವುದು. ಮೂರನೆಯದು ಕಿವಿಗೊಡುವುದು. ನಾಲ್ಕನೆಯದು ಬಂದ ಕರೆಯನ್ನು ಸ್ವೀಕರಿಸುವುದು. ಆಮೇಲೆ ಸಾಲನ್ನು ಓದುವುದು, ಉತ್ತರ ಬರೆಯುವುದು, ಮುಚ್ಚುವುದು, ಮತ್ತೆ ನಾಲ್ಕನೆಯದಕ್ಕೆ ಹಿಂದಿರುಗುವುದು. ಸಾವಿರದ ಇಪ್ಪತ್ತನಾಲ್ಕಕ್ಕಿಂತ ಕೆಳಗಿನ ಬಾಗಿಲುಗಳನ್ನು ಯುನಿಕ್ಸ್ ಸಂಪ್ರದಾಯದಲ್ಲಿ ಯಂತ್ರದ ಯಜಮಾನನಿಗೆ ಮೀಸಲಿಟ್ಟಿರುವುದರಿಂದ ಅವಳು 79ರ ಬದಲು 7979 ಎಂದಿಟ್ಟುಕೊಂಡರಾಯಿತು. ಪೈಥಾನ್ ಭಾಷೆಯಲ್ಲಾದರೆ ಇದೆಲ್ಲ ನಲವತ್ತು ಸಾಲನ್ನು ಮೀರದು. ಸಿ ಭಾಷೆಯಲ್ಲಾದರೆ ಅದರ ಎರಡು ಪಾಲು.

ಸಂಜೆಯೊಳಗೆ ಅದು ನಡೆಯಿತೆಂದಿಟ್ಟುಕೊಳ್ಳಿ. ಮಾತು ಹೀಗೆ ಸಾಗಬಹುದು:

“ತಾತ, ನೋಡಿ ಇಲ್ಲಿ! ನಲವತ್ತೇ ಸಾಲು. ಎಷ್ಟು ಸಲ ಕೇಳಿದರೂ ಉತ್ತರ ಹೇಳುತ್ತೆ.”

“ಸಂತೋಷ ಕಣಮ್ಮಾ. ಕೆಳಗಿನಿಂದ ಗಂಟೆ ಬಂತು, ಆದರೆ ಎರಡೋ ಮೂರೋ ಸರಿಯಾಗಿ ಕೇಳಲಿಲ್ಲ ಅನ್ನು. ಆಗ ನಿನ್ನ ಯಂತ್ರ ಏನು ಮಾಡುತ್ತೆ?”

“ಅದು... ಹತ್ತಿರದ್ದು ಯಾವುದೋ ಅದನ್ನ ಮಾಡುತ್ತೆ.”

“ನಾವು ಏನೂ ಮಾಡುತ್ತಿರಲಿಲ್ಲ, ಪುಟ್ಟಿ. ಬ್ರೇಕಿನ ಮೇಲೆ ಕೈಯಿಟ್ಟು, ಮತ್ತೆ ಗಂಟೆ ಬರಲಿ ಅಂತ ಕಾಯುತ್ತಿದ್ದೆವು.”

ಈ ತಾತನ ಪ್ರಶ್ನೆ ಜಾಲದ ಪಂಡಿತರನ್ನೂ ನಾಲ್ಕು ದಶಕ ಕಾಡಿದ ಪ್ರಶ್ನೆ. ಪರರಿಂದ ಬಂದುದನ್ನು ಉದಾರವಾಗಿ ಸ್ವೀಕರಿಸಬೇಕು, ತಾನು ಕಳುಹಿಸುವುದನ್ನು ಮಾತ್ರ ಕಟ್ಟುನಿಟ್ಟಾಗಿ ಕಳುಹಿಸಬೇಕು ಎಂಬುದು 1980ರಲ್ಲಿ ಪೋಸ್ಟೆಲ್ ಹಾಕಿಕೊಟ್ಟ ಪಂಥ. ಸಜ್ಜನನ ಮಾತೇ ಸರಿ. ಆದರೆ ತಪ್ಪನ್ನು ಸಹಿಸುತ್ತ ಹೋದಂತೆ ತಪ್ಪೇ ರೂಢಿಯಾಗುತ್ತದೆ. ಹೊಸಬನು ಬರೆಯುವ ಸರ್ವರು ಹಳೆಯ ತಪ್ಪುಗಳನ್ನೆಲ್ಲ ತಿಳಿದಿರಬೇಕಾಗುತ್ತದೆ. 2023ರ 9413ನೆಯ ಟಿಪ್ಪಣಿ ಈ ಔದಾರ್ಯದ ಅಪಾಯಗಳನ್ನು ವಿಸ್ತಾರವಾಗಿ ಚರ್ಚಿಸಿದೆ. ಚಿಕ್ಕ ಸರ್ವರಿಗೆ ಎಂಜಿನ್ ಮನೆಯ ನೀತಿಯೇ ಮೇಲು: ಅರ್ಥವಾಗದಿದ್ದರೆ, ಅರ್ಥವಾಗಲಿಲ್ಲವೆಂದು ಹೇಳಿ ಬಾಗಿಲು ಮುಚ್ಚುವುದು.

ಅಪಾಯದ ಕಥೆಯನ್ನು ಹೇಳಲೇಬೇಕು. 1988ನೆಯ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಜಾಲದೊಳಕ್ಕೆ ಬಿಟ್ಟ ಪ್ರೋಗ್ರಾಮೊಂದು ಯಂತ್ರದಿಂದ ಯಂತ್ರಕ್ಕೆ ತಾನೇ ಹರಡುತ್ತ, ಒಂದು ಅಂದಾಜಿನಂತೆ ಸುಮಾರು 6,000 ಕಂಪ್ಯೂಟರುಗಳನ್ನು ಹಿಡಿದು ನಿಲ್ಲಿಸಿತು. ಅದು ನುಸುಳಿದ ಬಾಗಿಲುಗಳಲ್ಲಿ ಒಂದು ಯಾವುದು? ನಮ್ಮ ಸಾಧು ಫಿಂಗರ್! ಆ ಸರ್ವರನ್ನು ಬರೆದವರು, ಬಂದ ಸಾಲನ್ನು ಇಡಲು 512 ಅಕ್ಷರಗಳ ಜಾಗವನ್ನು ತೆಗೆದಿರಿಸಿ, ಬಂದುದು ಎಷ್ಟುದ್ದವಿದೆ ಎಂದು ನೋಡದ ಒಂದು ಓದುವ ಕರೆಯನ್ನು ಬಳಸಿದ್ದರು. ಮಾರಿಸನ ಪ್ರೋಗ್ರಾಮು 536 ಅಕ್ಷರಗಳನ್ನು ಕಳುಹಿಸಿತು. ಹೆಚ್ಚಿನ 24 ಅಕ್ಷರಗಳು ತುಂಬಿದ ಕೊಡದಿಂದ ಚೆಲ್ಲಿದ ನೀರಿನಂತೆ ಪಕ್ಕದ ಸ್ಮೃತಿಗೆ ಹರಿದು, ಯಂತ್ರವು ಮುಂದೆ ಯಾವ ಆಜ್ಞೆಯನ್ನು ಪಾಲಿಸಬೇಕೆಂದು ಬರೆದಿದ್ದ ಸ್ಥಳವನ್ನೇ ಅಳಿಸಿ, ಬಂದ ಕಳ್ಳನ ಆಜ್ಞೆಯನ್ನು ಅಲ್ಲಿ ಬರೆದವು. ಸಾಲಿಗೆ ಮಿತಿ ಇರಬೇಕು, ಮಿತಿಯನ್ನು ಎಣಿಸಬೇಕು. ಇದಿಷ್ಟೇ ಅಲ್ಲಿ ತಪ್ಪಿದ್ದುದು.

ಕನ್ನಡದಲ್ಲಿ ಬರೆಯುವವರಿಗೆ ಈ ಎಣಿಕೆಯಲ್ಲಿ ಇನ್ನೊಂದು ತೊಡಕುಂಟು. ಯಂತ್ರ ಎಣಿಸುವುದು ಅಕ್ಷರಗಳನ್ನಲ್ಲ, ಬೈಟುಗಳನ್ನು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು, ಯು.ಟಿ.ಎಫ್.-8 ಎಂಬ ಸಾರ್ವತ್ರಿಕ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೇಕು. ‘ಕೋರಮಂಡಲ್’ ಎಂಬಲ್ಲಿ ಕಕಾರ, ಓಕಾರದ ಚಿಹ್ನೆ, ರ, ಮ, ಸೊನ್ನೆ, ಡ, ಲ, ಕೊನೆಯ ಅರ್ಧಾಕ್ಷರದ ಗುರುತು ಸೇರಿ ಎಂಟು ಚಿಹ್ನೆಗಳು. ಎಂದರೆ 24 ಬೈಟು. 512ರ ಮಿತಿಯಲ್ಲಿ 170 ಕನ್ನಡ ಚಿಹ್ನೆಗಳು ಹಿಡಿಸುತ್ತವೆ, 171ನೆಯದರ ಮುಕ್ಕಾಲು ಹೊರಗುಳಿಯುತ್ತದೆ ಎಂದರೂ ಲೆಕ್ಕ ಅಷ್ಟು ಸರಿಯಲ್ಲ. ಮೂರರಲ್ಲಿ ಎರಡು ಬೈಟು ಒಳಗೆ, ಒಂದು ಹೊರಗೆ. ಅಲ್ಲಿ ಕತ್ತರಿಸಿದರೆ ಕೊನೆಯ ಅಕ್ಷರದ ಸ್ಥಳದಲ್ಲಿ ಪ್ರಶ್ನಾರ್ಥಕ ಚೌಕವೊಂದು ಅಣಕಿಸುತ್ತ ನಿಲ್ಲುತ್ತದೆ.

ಹೊಸಬರು ಎಡವುವ ಎಡೆಗಳು ಬೇರೆಯೂ ಇವೆ. ಸಾಲಿನ ಕೊನೆಯನ್ನು ಸೂಚಿಸಲು ಈ ಹಳೆಯ ಪ್ರೋಟೋಕಾಲುಗಳು 13 ಮತ್ತು 10 ಎಂಬ ಎರಡು ಕಾಣದ ಗುರುತುಗಳನ್ನು ಕೇಳುತ್ತವೆ. ಟೆಲಿಪ್ರಿಂಟರಿನ ಕಾಲದಲ್ಲಿ ಒಂದು, ಅಚ್ಚಿನ ತಲೆಯನ್ನು ಎಡತುದಿಗೆ ತರಲು. ಇನ್ನೊಂದು, ಕಾಗದವನ್ನು ಒಂದು ಸಾಲು ಮೇಲೆತ್ತಲು. ಟೈಪ್‌ರೈಟರು ಬಲ್ಲ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಎರಡನೆಯದು, ಕಳುಹಿಸಿದ ಸಾಲು ಇಡಿಯಾಗಿ ಬರುವುದೆಂಬ ನಂಬಿಕೆ. ಜಾಲ ಕಾಗದವನ್ನು ತರುವ ಅಂಚೆಯವನಲ್ಲ, ನಲ್ಲಿ. ‘ನೀರು’ ಎಂದು ಕಳುಹಿಸಿದರೆ ಮೊದಲು ‘ನೀ’ ಬಂದು ಸ್ವಲ್ಪ ತಡೆದು ‘ರು’ ಬರಬಹುದು. ಮನೆಯೊಳಗೆ ಪರೀಕ್ಷಿಸಿದಾಗ ಇದು ಎಂದೂ ಆಗುವುದಿಲ್ಲ. ಗಾಡಿಯಲ್ಲಿ ಸಾಗುವವನ ಮೊಬೈಲಿನಿಂದ ಕೇಳಿದಾಗ ಆಗುತ್ತದೆ. ಆದುದರಿಂದ ಸಾಲಿನ ಕೊನೆಯ ಗುರುತು ಸಿಗುವತನಕ ಓದುತ್ತಲೇ ಇರಬೇಕು. ಹಾಗೆಂದು ಯುಗಾಂತರ ಕಾಯಬಾರದು. ಬಾಗಿಲು ತಟ್ಟಿ ಮಾತಾಡದೆ ನಿಂತವನಿದ್ದರೆ ಹಿಂದಿನವರೆಲ್ಲ ಸಾಲಿನಲ್ಲಿ ಒಣಗಬೇಕಾಗುತ್ತದೆ. ಹತ್ತು ಸೆಕೆಂಡಿನ ಗಡುವು ಸಾಕು. ಇನ್ನು ಕಡತಗಳನ್ನು ಓದಿ ಕೊಡುವ ಸರ್ವರಾದರೆ, ಎರಡು ಚುಕ್ಕಿಯಿಟ್ಟು ‘ಒಂದು ಮೆಟ್ಟಿಲು ಮೇಲಿನದನ್ನು ಕೊಡು’ ಎನ್ನುವ ಠಕ್ಕರಿಗೆ ಮನೆಯ ಬೀರುವನ್ನೇ ತೆರೆದು ತೋರಿಸದಂತೆ ಎಚ್ಚರವಿರಬೇಕು.

ಅತಿ ವಿನಯದಿಂದಲೂ ಕೆಡುಕುಂಟು. ಬಂದುದನ್ನು ಹಿಂದಿರುಗಿಸುವ 7ನೆಯ ಬಾಗಿಲಿಗೂ, ಕೇಳಿದಾಗಲೆಲ್ಲ ಅಕ್ಷರಗಳನ್ನು ಸುರಿಸುವ 19ನೆಯ ಬಾಗಿಲಿಗೂ ದುಷ್ಟನೊಬ್ಬ ಸುಳ್ಳು ವಿಳಾಸದ ಪತ್ರ ಬರೆದು ಗಂಟುಹಾಕಿದರೆ, ಇವೆರಡೂ ಮದುವೆಮನೆಯ ಬೀಗರಂತೆ ‘ನೀವು ಮೊದಲು, ನೀವು ಮೊದಲು’ ಎಂದು ಒಂದಕ್ಕೊಂದು ಉತ್ತರಿಸುತ್ತ ಜಾಲವನ್ನೇ ತುಂಬಿಬಿಡುತ್ತವೆ. 1996ರಲ್ಲಿ ಇದರ ಬಗ್ಗೆ ಎಚ್ಚರಿಕೆಯೇ ಹೊರಡಿತು. ಅಂದಿನಿಂದ ಈ ಪುಟ್ಟ ಸೇವೆಗಳನ್ನು ಬಹುಮಟ್ಟಿಗೆ ಎಲ್ಲರೂ ಮುಚ್ಚಿಟ್ಟಿದ್ದಾರೆ. ಕಲಿಯುವವರ ಕೋಣೆಯಲ್ಲಿ ಮಾತ್ರ ಅವುಗಳಿಗೆ ಇಂದು ಬೆಳಕು.

ಇಷ್ಟೆಲ್ಲ ಗಂಡಾಂತರಗಳಿರುವಾಗ, ಬಲ್ಲವರು ಬರೆದಿಟ್ಟ ಸಿದ್ಧ ಗ್ರಂಥಭಾಗಗಳನ್ನು ತಂದು ಜೋಡಿಸಿಕೊಳ್ಳುವುದೇ ಜಾಣತನವಲ್ಲವೇ ಎಂದು ಗೃಹಿಣಿಯರೂ ಕೇಳಬಹುದು. ಹಪ್ಪಳ ಸಂಡಿಗೆಗಳನ್ನು ಅಂಗಡಿಯಿಂದ ತರುವುದಿಲ್ಲವೇ? ತರಬಹುದು. ಬೆಂಗಳೂರಿನ ಕಚೇರಿಗಳಲ್ಲಿ ನಡೆಯುವುದೂ ಬಹುತೇಕ ಅದೇ, ಅದನ್ನು ತಪ್ಪೆನ್ನಲಾಗದು. ಆದರೆ ತಂದ ಡಬ್ಬಿಯೊಳಗೆ ಇನ್ನೊಂದು ಡಬ್ಬಿ, ಅದರೊಳಗೆ ಮತ್ತೊಂದು, ಹೀಗೆ ನೂರಾರು ಅಪರಿಚಿತರ ಡಬ್ಬಿಗಳು ಮನೆಗೆ ಬಂದಿರುತ್ತವೆ. 2016ನೆಯ ಮಾರ್ಚಿಯಲ್ಲಿ ಒಬ್ಬ ಕಾರ್ಯಕ್ರಮಕಾರ, ಹೆಸರಿನ ಕುರಿತ ಜಗಳವೊಂದರಿಂದ ಬೇಸತ್ತು ತನ್ನ ಬರಹಗಳನ್ನೆಲ್ಲ ಸಾರ್ವಜನಿಕ ಉಗ್ರಾಣದಿಂದ ಹಿಂದಕ್ಕೆ ಪಡೆದ. ಅವುಗಳಲ್ಲಿ ಒಂದು, ಪದದ ಎಡಕ್ಕೆ ಖಾಲಿ ಜಾಗ ತುಂಬುವ ಹನ್ನೊಂದು ಸಾಲಿನ ತುಣುಕು. ಅದು ಹೋದೊಡನೆ ಜಗತ್ತಿನ ದೊಡ್ಡ ದೊಡ್ಡ ಸಂಸ್ಥೆಗಳ ಕಟ್ಟಡದ ಕೆಲಸ ಗಂಟೆಗಟ್ಟಲೆ ಸ್ಥಗಿತವಾಯಿತು. ಹನ್ನೊಂದು ಸಾಲು! ಒಬ್ಬ ಶಾಲಾ ಬಾಲಕ ಬರೆಯಬಹುದಾದುದು.

ಅದಕ್ಕಿಂತ ಭಯಂಕರವಾದುದು 2024ರಲ್ಲಿ ಬೆಳಕಿಗೆ ಬಂದಿತು. ದೂರದ ಯಂತ್ರಗಳನ್ನು ಸುರಕ್ಷಿತವಾಗಿ ಪ್ರವೇಶಿಸಲು ಪ್ರಪಂಚವೆಲ್ಲ ನಂಬಿರುವ ಓಪನ್‌ಎಸ್‌ಎಸ್‌ಹೆಚ್ ಎಂಬ ಸರ್ವರಿದೆ. ಅದನ್ನು ಬರೆದವರು ಬಹಳ ಜಿಪುಣರು. ಅನ್ಯರ ವಸ್ತುವನ್ನು ಸುಲಭಕ್ಕೆ ಒಳಗೆ ಬಿಡುವವರಲ್ಲ. ಆದರೆ ಲಿನಕ್ಸಿನ ಕೆಲವು ಪ್ರಕಾಶಕರು ಅದಕ್ಕೆ ಸಣ್ಣದೊಂದು ಸೌಲಭ್ಯ ಸೇರಿಸಿದರು: ಸರ್ವರು ಎದ್ದು ಸಿದ್ಧವಾದ ಕೂಡಲೆ ‘ಸಿದ್ಧನಿದ್ದೇನೆ’ ಎಂದು ಸಿಸ್ಟಮ್‌ಡಿ ಎಂಬ ಮೇಲ್ವಿಚಾರಕನಿಗೆ ತಿಳಿಸುವುದು. ಆ ಒಂದು ಮಾತಿಗಾಗಿ ಮೇಲ್ವಿಚಾರಕನ ಇಡೀ ಗ್ರಂಥಭಾಗವನ್ನು ತಂದರು. ಅದು ತನ್ನ ಜೊತೆಗೆ, ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಇನ್ನೊಂದನ್ನು ಕರೆತಂದಿತು. ಆ ಎಕ್ಸ್‌ಜೆಡ್‌ನ ಪಾಲನೆಗೆ ಸಹಾಯಕನಾಗಿ ಸೇರಿ, ಎರಡು ವರ್ಷಕ್ಕೂ ಹೆಚ್ಚು ಕಾಲ ಸಂಭಾವಿತನಂತೆ ದುಡಿದ ಮುಸುಕಿನ ವ್ಯಕ್ತಿಯೊಬ್ಬ ಅದರೊಳಗೆ ಕಳ್ಳದಾರಿ ಕೊರೆದಿದ್ದ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರಿಗೆ, ಪ್ರವೇಶಕ್ಕೆ ಅರ್ಧ ಸೆಕೆಂಡಿನಷ್ಟು ಹೆಚ್ಚು ಹೊತ್ತು ಹಿಡಿಯುತ್ತಿದೆಯಲ್ಲ ಎಂದು ಸಂಶಯ ಬಾರದೆ ಹೋಗಿದ್ದರೆ, ಅದು ಎಲ್ಲೆಲ್ಲಿ ಹರಡುತ್ತಿತ್ತೋ ಹೇಳುವಂತಿಲ್ಲ. ಮಾರ್ಚಿ 29ರಂದು ಅವರು ಅದನ್ನು ಬಯಲಿಗೆಳೆದರು.

ವಿಚಾರ ಮಾಡತಕ್ಕ ಅಂಶ ಮುಂದಿದೆ. ‘ಸಿದ್ಧನಿದ್ದೇನೆ’ ಎಂಬ ಆ ವರದಿ ನಿಜವಾಗಿ ಎಷ್ಟು ದೊಡ್ಡದು? ಗೊತ್ತಾದ ವಿಳಾಸಕ್ಕೆ ಕಳುಹಿಸುವ ಒಂದು ಚಿಕ್ಕ ಸಾಲು. ಗಂಟೆಯ ಒಂದು ಬಡಿತ. ಅದೇ ವರ್ಷದ ಜುಲೈಯಲ್ಲಿ ಓಪನ್‌ಎಸ್‌ಎಸ್‌ಹೆಚ್‌ನವರು ಆ ಸಾಲನ್ನು ಯಾವ ಗ್ರಂಥಭಾಗದ ಹಂಗೂ ಇಲ್ಲದೆ ತಾವೇ ಬರೆದು ತಮ್ಮ 9.8ನೆಯ ಆವೃತ್ತಿಯಲ್ಲಿ ಸೇರಿಸಿದರು. ಒಂದು ಬಡಿತಕ್ಕಾಗಿ ಗಂಟೆಯ ಕಾರ್ಖಾನೆಯನ್ನೇ ಮನೆಗೆ ತರುವುದು ಬೇಕಿರಲಿಲ್ಲ.

ಹಾಗಾದರೆ ಎಲ್ಲವನ್ನೂ ಸ್ವಹಸ್ತದಿಂದಲೇ ಮಾಡಬೇಕೇ? ಅದೂ ಆಗದ ಮಾತು. ನಲವತ್ತು ಸಾಲಿನ ಸರ್ವರೂ ನಿರಾಲಂಬವೇನಲ್ಲ. ಕಳೆದುಹೋದ ತುಣುಕನ್ನು ಮತ್ತೆ ತರಿಸುವುದು, ಹಿಂದುಮುಂದಾದವನ್ನು ಸರಿಗೂಡಿಸುವುದು, ದಾರಿ ಕಿಕ್ಕಿರಿದಾಗ ವೇಗ ತಗ್ಗಿಸುವುದು — ಈ ದೊಡ್ಡ ಕೆಲಸವನ್ನೆಲ್ಲ ಯಂತ್ರದ ಮೂಲವ್ಯವಸ್ಥೆ ಸದ್ದಿಲ್ಲದೆ ಮಾಡಿಕೊಡುತ್ತದೆ. ಗುಪ್ತಲಿಪಿಯನ್ನಂತೂ ಹವ್ಯಾಸಿಗಳು ಸ್ವತಃ ಹೆಣೆಯಲು ಹೋಗಬಾರದು. 2019ರಲ್ಲಿ ಜೆಮಿನಿ ಎಂಬ ಹೊಸ ಸರಳ ಪ್ರೋಟೋಕಾಲು ಹುಟ್ಟಿತು. ಒಂದು ಸಾಲಿನ ಕೋರಿಕೆ, ಹೆಚ್ಚೆಂದರೆ 1,024 ಬೈಟಿನ ವಿಳಾಸ, ಎರಡಂಕೆಯ ಸಂಕೇತದಿಂದ ಆರಂಭವಾಗುವ ಉತ್ತರ, ಎಲ್ಲವೂ ಅಂದವೇ. ಆದರೆ ಗುಪ್ತಲಿಪಿ ಅಲ್ಲಿ ಕಡ್ಡಾಯ. ಆದುದರಿಂದ ಪೂರಾ ಸ್ವಾವಲಂಬಿ ಜೆಮಿನಿ ಸರ್ವರು ಎಂಬುದು ಮಾತಿಗೆ ಮಾತ್ರ. ಆ ಪ್ರೋಟೋಕಾಲಿನ ಬಾಗಿಲ ಸಂಖ್ಯೆ 1965. ಅಮೆರಿಕದ ಜೆಮಿನಿ ಗಗನನೌಕೆ ಮೊದಲ ಬಾರಿಗೆ ಮನುಷ್ಯರನ್ನು ಹೊತ್ತು ಹಾರಿದ ವರ್ಷವದು. ಅದೇ 1965ರಲ್ಲಿಯೇ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ 2 ಕಿಲೋಮೀಟರಿಗೂ ಕೆಳಗೆ, ಭಾರತ, ಜಪಾನ್, ಬ್ರಿಟನ್ ದೇಶಗಳ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊ ಕಣಗಳ ಸುಳಿವನ್ನು ಹಿಡಿದರು. ಕೋಲಾರದ ಹುಡುಗಿಗೆ ಆ ಸಂಖ್ಯೆಯನ್ನು ನೆನಪಿಡಲು ಬೇರೆ ಕಾರಣ ಬೇಡ.

ಜೆಮಿನಿಗೆ ಸ್ಫೂರ್ತಿಯಾದುದು ಗೋಫರ್. 1991ರಲ್ಲಿ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಇದಕ್ಕೆ 70ನೆಯ ಬಾಗಿಲು. ಒಂದು ಸಾಲಿನಲ್ಲಿ ಬೇಕಾದುದನ್ನು ಹೇಳಿದರೆ ವಿಷಯಸೂಚಿಯೋ ಬರಹವೋ ಬರುತ್ತದೆ. ಸೂಚಿಯ ಕೊನೆಗೆ ಒಂಟಿ ಚುಕ್ಕಿ. 1993ರಲ್ಲಿ ವಿಶ್ವವಿದ್ಯಾನಿಲಯ ತನ್ನ ಸರ್ವರಿನ ಕೆಲವು ಬಗೆಯ ಬಳಕೆಗೆ ಶುಲ್ಕ ಕೇಳುವುದಾಗಿ ಸಾರಿತು. ಅದೇ ವರ್ಷದ ಏಪ್ರಿಲ್ 30ರಂದು ಜಿನೀವಾದ ಸಂಶೋಧನಾಲಯದವರು ತಮ್ಮ ವೆಬ್ಬನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಮುಂದಿನ ಕಥೆ ಎಲ್ಲರೂ ಬಲ್ಲದ್ದು. ಆ ವೆಬ್ಬೂ ಮೊದಲಿಗೆ ಇಂಥದೇ ಕೂಸಾಗಿತ್ತು. 1991ರ ಅದರ ಪ್ರೋಟೋಕಾಲಿನಲ್ಲಿ ‘ಇಂಥದನ್ನು ಕೊಡು’ ಎಂಬ ಒಂದೇ ಸಾಲು, ಅದಕ್ಕೆ ಬರಹವೇ ಉತ್ತರ. ಇಂದಿನ ಅದರ ಬೆಳವಣಿಗೆಯನ್ನು ಕಂಡವರಿಗೆ ನಂಬಿಕೆ ಹುಟ್ಟುವುದು ಕಷ್ಟ.

ಕೋರಮಂಡಲಿನ ಹುಡುಗಿಗೂ ಕೊನೆಗೆ ವೆಬ್ಬೇ ಗತಿ. ಏಕೆಂದರೆ ಅಡುಗೆಮನೆಯಲ್ಲಿರುವ ಅಮ್ಮನ ಮೊಬೈಲಿಗೆ ಫಿಂಗರ್ ಬಾರದು. 1996ರ ವೆಬ್ ನಿಯಮಾವಳಿಯಂತೆ ಉತ್ತರದ ಮುಂದೆ ಎರಡು ಸಾಲು ಸೇರಿಸಿದರೆ ಯಾವ ಮೊಬೈಲಾದರೂ ಓದುತ್ತದೆ: ಎಲ್ಲವೂ ಸರಿಯಿದೆಯೆಂಬ 200ರ ಸಂಕೇತ ಒಂದು, ಬರುತ್ತಿರುವುದು ಯು.ಟಿ.ಎಫ್.-8ರಲ್ಲಿರುವ ಬರಹವೆಂಬ ಸೂಚನೆ ಇನ್ನೊಂದು. ಆಮೇಲೆ ಖಾಲಿ ಸಾಲು. ಮೊದಲ ದಿನ ಅವಳಿಗೆ ಒಂದು ವಿಚಿತ್ರ ಕಾಣಿಸುತ್ತದೆ. ಅಮ್ಮ ಒಂದು ಬಾರಿ ಕೇಳಿದರೆ ಗಂಟೆ ಎರಡು ಬಾರಿ ಬಡಿದಿರುತ್ತದೆ. ಮೊಬೈಲು ತನ್ನಷ್ಟಕ್ಕೆ ತಾನೇ, ಪುಟದ ಮೇಲೆ ಅಂಟಿಸಲು ಒಂದು ಪುಟ್ಟ ಚಿತ್ರವಿದೆಯೇ ಎಂದು ವಿಚಾರಿಸಿರುತ್ತದೆ. ಊಟಕ್ಕೆ ಬಂದ ನೆಂಟನು ಕೇಳದೆಯೇ ಎಲೆಯಡಿಕೆಗೆ ಕೈಚಾಚಿದ ಹಾಗೆ. ಇಲ್ಲವೆಂದು ಹೇಳುವ ಸಂಕೇತ 404. ಸರ್ವರನ್ನು ನಿಲ್ಲಿಸಿ ತಟ್ಟನೆ ಮತ್ತೆ ಎಬ್ಬಿಸಿದಾಗ ‘ವಿಳಾಸ ಬಳಕೆಯಲ್ಲಿದೆ’ ಎಂದು ಯಂತ್ರ ತಕರಾರು ಮಾಡಿದರೂ ಹೆದರಬೇಕಾದುದಿಲ್ಲ. ಹಳೆಯ ಕರೆಯ ಚೂರುಗಳು ದಾರಿಯಲ್ಲಿ ಉಳಿದಿರಬಹುದೆಂದು ಅದು ಒಂದು ನಿಮಿಷದಷ್ಟು ಕಾಲ ಬಾಗಿಲನ್ನು ಬಿಗಿಹಿಡಿಯುತ್ತದೆ. ಮರುಬಳಕೆಗೆ ಅಪ್ಪಣೆ ಕೊಡುವ ಒಂದು ಸಾಲು ಸೇರಿಸಿದರೆ ತಕರಾರು ತೀರಿತು.

ಬೆಂಗಳೂರಿನಿಂದ ಮರಳುವ ಗಾಡಿಯಲ್ಲಿ ಕುಳಿತ ಅಪ್ಪನಿಗೆ ಮಾತ್ರ ಈ ಸರ್ವರು ಸುಲಭಕ್ಕೆ ಸಿಗದು. ನಮ್ಮಲ್ಲಿ ಅನೇಕ ಮನೆಗಳಿಗೆ ಅಂತರ್ಜಾಲ ಕೊಡುವವರು ನೂರಾರು ಗಿರಾಕಿಗಳನ್ನು ಒಂದೇ ಹಳೆಯ ಬಗೆಯ ವಿಳಾಸದ ಹಿಂದೆ ಕೂರಿಸಿರುತ್ತಾರೆ. ಒಳಗಿನಿಂದ ಹೊರಕ್ಕೆ ಕೂಗಬಹುದು, ಹೊರಗಿನಿಂದ ಬಂದು ಆ ಒಂದು ಮನೆಯ ಬಾಗಿಲನ್ನೇ ತಟ್ಟುವಂತಿಲ್ಲ. ಪ್ರತಿಯೊಂದು ಯಂತ್ರಕ್ಕೂ ಸ್ವಂತ ವಿಳಾಸ ಕೊಡಬಲ್ಲ ಹೊಸ ಪದ್ಧತಿ, ಆರನೆಯ ಆವೃತ್ತಿಯದು, ಮನೆಯ ಸಂಪರ್ಕದಲ್ಲಿಯೂ ಅಪ್ಪನ ಮೊಬೈಲಿನಲ್ಲಿಯೂ ಇದ್ದರೆ ದಾರಿಯುಂಟು. ಆದರೆ ಆ ದಾರಿ ತೆರೆದರೆ ಅಪ್ಪನೊಬ್ಬನಿಗೇ ತೆರೆಯುವುದಿಲ್ಲ. ಜಗತ್ತಿನ ಯಾವ ಮೂಲೆಯವನಾದರೂ ಬಂದು ಗಂಟೆ ಬಾರಿಸಬಲ್ಲ. ಆದುದರಿಂದ ಸಾಲಿನ ಮಿತಿ, ಹತ್ತು ಸೆಕೆಂಡಿನ ಗಡುವು, ಎರಡು ಚುಕ್ಕಿಯ ಎಚ್ಚರ, ತಾತ ಕೇಳಿದ ಪ್ರಶ್ನೆ, ಈ ನಾಲ್ಕನ್ನೂ ಮೊದಲು ಮುಗಿಸಿ, ಆಮೇಲೆ ಬಾಗಿಲು ತೆರೆಯತಕ್ಕದ್ದು. ಅಲ್ಲಿಯತನಕ ಅಪ್ಪನಿಗೆ ಟೆಲಿಫೋನು ಸಾಕು.